ಮುಳ್ಳುಕಾಯಿ ಗಿಡವನ್ನು ಎರಡೆಲೆಯಲ್ಲೇ ಗುರುತಿಸುವುದು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಶುಭ ದಿನ ಸಾಲ, ಠೇವಣಿ, ಬೀಜ, ಗೊಬ್ಬರದ ಮಾತು ಆಡಲು ನಮಗಿಂತ ಬಲ್ಲವರು ಇದೇ ವೇದಿಕೆಯ ಮೇಲೆ ಕುಳಿತಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ವಿಷಯ 'ಬೆಳೆಗಳಲ್ಲಿ ಕಸದ ಹತೋಟಿ' ಎಂದು ಅಚ್ಚಾಗಿದೆ. ಅದು ದೊಡ್ಡ ವಿಷಯ. ಊಟದ ಹೊತ್ತು ಹತ್ತಿರ ಬಂದಿರುವಾಗ ಅಷ್ಟೆಲ್ಲಾ ಹೇಳುವುದು ಆಗಂಗಿಲ್ಲ. ಆದ್ದರಿಂದ ನಾವು ಒಂದೇ ಒಂದು ಗಿಡವನ್ನು ಹಿಡಿದುಕೊಂಡು ಬಂದಿದ್ದೇವೆ. ಅದನ್ನು ನೀವೆಲ್ಲ ನೋಡಿದ್ದೀರಿ. ನೋಡಿದ್ದೀರಿ ಅಷ್ಟೇ, ಗುರುತು ಹಿಡಿದಿಲ್ಲ ಎಂಬುದು ನಮ್ಮ ಅನುಮಾನ. ನಾವೂ ಹಾಗೇ ಇದ್ದೆವು.

ಈ ವಿಷಯ ನಮ್ಮ ತಲೆಗೆ ಹತ್ತಿದ್ದು ಹೇಗೆಂದರೆ, ಒಬ್ಬ ತಾಯಿ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಮುಳ್ಳುಕಾಯಿ ಕಟ್ಟಿಕೊಂಡು ನಮ್ಮಲ್ಲಿಗೆ ಬಂದರು. "ಇದು ಗೋಖರು ಹೌದಲ್ರಿ? ನಮ್ಮ ಮನ್ಯಾಗಿನವರಿಗೆ ಕಿಡ್ನ್ಯಾಗ ಹಳ್ಳ ಆಗ್ಯಾವ. ಇದನ್ನ ಕುದಿಸಿ ಆ ನೀರು ಕುಡಸ್ರಿ ಅಂತ ಹೇಳ್ಯಾರ" ಎಂದರು. ಕಾಯಿ ಮುಳ್ಳುಮುಳ್ಳಾಗಿತ್ತು, ಒಣಗಿತ್ತು, ಕಂದು ಬಣ್ಣವಿತ್ತು. ನಾವು ಸರಿಯಾಗಿ ನೋಡದೆಯೇ 'ಹೌದವ್ವಾ' ಅಂದುಬಿಟ್ಟೆವು. ಆಕೆ ಬಾಗಿಲು ದಾಟುವ ಮೊದಲು ಒಂದು ಕಾಯಿ ನಮ್ಮ ಅಂಗಿಯ ತೋಳಿಗೆ ಅಂಟಿಕೊಂಡಿದ್ದು ಕಂಡಿತು. ನೆಗ್ಗಿನಮುಳ್ಳು ಚುಚ್ಚುತ್ತದೆ, ಆದರೆ ಬಟ್ಟೆಗೆ ಹೀಗೆ ಜೋತು ಬೀಳುವುದಿಲ್ಲ. ಓಡಿ ಹೋಗಿ ಆಕೆಯನ್ನು ನಿಲ್ಲಿಸಿದೆವು. ಆ ಹಿಡಿಯಲ್ಲಿ ಇದ್ದದ್ದು ಒಂದೂ ಗೋಖರು ಅಲ್ಲ. ಅದು ಮರುಳುಮತ್ತಿ. ಅದರ ಬೀಜ ವಿಷ.

ಹೆಸರಿನ ಗೊಂದಲವನ್ನೇ ಮೊದಲು ಬಿಡಿಸೋಣ. ನಮ್ಮದು ಗಡಿ ಸೀಮೆ. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ. ಒಂದು ಗಿಡಕ್ಕೆ ನಾಲ್ಕು ಹೆಸರು, ಒಂದು ಹೆಸರಿಗೆ ಮೂರು ಗಿಡ. ಕನ್ನಡದ ಗಿಡಮೂಲಿಕೆ ಪುಸ್ತಕಗಳು ಇದನ್ನು ಮರುಳುಮತ್ತಿ ಎನ್ನುತ್ತವೆ. ಮರಾಠಿಯವರು ಶಂಕೇಶ್ವರ ಎನ್ನುತ್ತಾರೆ. ತೆಲುಗಿನಲ್ಲಿ ಮರುಳಮಾತಂಗಿ. ಹಿಂದಿಯಲ್ಲಿ ಛೋಟಾ ಧತೂರಾ ಎಂದೂ ಕರೆಯುತ್ತಾರೆ, ಛೋಟಾ ಗೋಖರು ಎಂದೂ ಕರೆಯುತ್ತಾರೆ. ಈ ಕೊನೆಯ ಹೆಸರೇ ಅನಾಹುತದ ಮೂಲ. ಆಯುರ್ವೇದದಲ್ಲಿ ಮೂತ್ರದ ತೊಂದರೆಗೆ ಹೇಳಿರುವ ಗೋಕ್ಷುರ ಎಂದರೆ ನೆಗ್ಗಿನಮುಳ್ಳು. ಆನೆ ನೆಗ್ಗಿಲು ಎಂಬ ಇನ್ನೊಂದಕ್ಕೆ ಬಡಾ ಗೋಖರು ಎನ್ನುತ್ತಾರೆ. ಮೂರೂ ಮುಳ್ಳುಕಾಯಿಯ ಗಿಡಗಳೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಹೆಸರು ಕೇಳಿ ಔಷಧ ಮಾಡುವವರು ಇಲ್ಲಿ ಮೋಸ ಹೋಗುತ್ತಾರೆ. ಜಗತ್ತಿನ ಎಲ್ಲ ಕಡೆ ಒಂದೇ ಆಗಿರುವ ಹೆಸರು ಝಾಂಥಿಯಂ ಸ್ಟ್ರುಮೇರಿಯಂ. ಲಿನೇಯಸ್ ಎಂಬ ಸ್ವೀಡನ್ನಿನ ಪಂಡಿತ 1753ರಲ್ಲಿ ಇಟ್ಟ ಹೆಸರು. ನೆನಪಿಡಿ ಎಂದು ನಾವು ಹೇಳುವುದಿಲ್ಲ. ಇವತ್ತು ನಾವು 'ಮುಳ್ಳುಕಾಯಿ ಗಿಡ' ಎಂದೇ ಅನ್ನೋಣ.

ನೆಗ್ಗಿನಮುಳ್ಳು ಒಣ ನೆಲದ ಬಳ್ಳಿ. ನೆಲಕ್ಕೆ ಹತ್ತಿ ಹಬ್ಬುತ್ತದೆ, ಕಡಲೆ ಎಲೆಯ ಹಾಗೆ ಸಣ್ಣ ಸಣ್ಣ ಎಲೆ, ಐದು ಎಸಳಿನ ಹಳದಿ ಹೂವು. ಬರಿಗಾಲಿಗೆ ಚುಚ್ಚಿದರೆ ಪ್ರಾಣ ಹೋದಂತಾಗುತ್ತದೆ. ಅದರ ಮುಳ್ಳು ನೆಟ್ಟಗೆ, ಗಟ್ಟಿ. ಮುಳ್ಳುಕಾಯಿ ಗಿಡ ಹಸಿ ನೆಲದ್ದು. ನೆಟ್ಟಗೆ ನಿಲ್ಲುತ್ತದೆ, ಸೊಂಟದೆತ್ತರ, ಕೆಲವು ಕಡೆ ಆಳೆತ್ತರ. ಅದರ ಮುಳ್ಳಿನ ತುದಿ ಗಾಳದ ಹಾಗೆ ಬಾಗಿರುತ್ತದೆ. ಉಮ್ಮತ್ತಿಯ ಕಾಯಿಗೂ ಮುಳ್ಳಿದೆ, ಆದರೆ ಅದು ಲಿಂಬೆ ಗಾತ್ರದ ಉಂಡೆ, ಒಡೆದರೆ ತುಂಬ ಬೀಜ. ಉಮ್ಮತ್ತಿಗೆ ತುತ್ತೂರಿಯಂಥ ದೊಡ್ಡ ಹೂವು ಬೇರೆ ಇರುತ್ತದೆ. ಮುಳ್ಳುಕಾಯಿ ಗಿಡದಲ್ಲಿ ಹೂವು ಎಂದು ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ.

ಹೂವು ಕಾಣದ ಈ ಗಿಡ ಯಾವ ಕುಲದ್ದು ಅಂತೀರಿ? ಸೂರ್ಯಕಾಂತಿಯ ಕುಲದ್ದು. ನಂಬಲಿಕ್ಕೆ ಕಷ್ಟ. ಸೂರ್ಯಕಾಂತಿ, ಸೇವಂತಿ, ಚೆಂಡುಹೂವು, ಕುಸುಬಿ, ನಾವು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ತಲೆಗೂದಲಿನ ಎಣ್ಣೆಗೆ ಹಾಕುವ ಗರಗದ ಸೊಪ್ಪು, ಎಲ್ಲರ ಮೈ ಕೆರೆಸುವ ಕಾಂಗ್ರೆಸ್ ಕಸ, ಇವೆಲ್ಲ ಒಂದೇ ಕುಲ. ಈ ಕುಲದ ಗುರುತು ಏನೆಂದರೆ, ನಾವು ಒಂದು ಹೂವು ಎಂದು ಕರೆಯುವುದು ಒಂದಲ್ಲ, ಒಂದು ಬುಟ್ಟಿ ತುಂಬ ಹೂವು. ಸೂರ್ಯಕಾಂತಿಯ ತೆನೆಯನ್ನು ತಿಕ್ಕಿ ನೋಡಿ. ಒಂದೊಂದು ಕಾಳಿನ ಮೇಲೂ ಒಂದೊಂದು ಸಣ್ಣ ಹೂವು ಇರುತ್ತದೆ. ಮುಳ್ಳುಕಾಯಿ ಗಿಡ ಈ ಬುಟ್ಟಿಯನ್ನೇ ಮುಚ್ಚಿ ಹೊಲಿದುಬಿಟ್ಟಿದೆ. ಗಂಡು ಹೂವಿನ ಬುಟ್ಟಿಗಳು ಟೊಂಗೆಯ ತುದಿಯಲ್ಲಿ ಸಣ್ಣ ಗುಂಡುಗಳಾಗಿ ಕೂಡುತ್ತವೆ. ಹೆಣ್ಣು ಬುಟ್ಟಿ ಅದರ ಕೆಳಗೆ, ಎಲೆಯ ಕಂಕುಳಲ್ಲಿ. ಅದರೊಳಗೆ ಎರಡೇ ಹೂವು. ಗಾಳಿಯಲ್ಲಿ ಬಂದ ಪರಾಗ ಬಿದ್ದ ಮೇಲೆ ಆ ಬುಟ್ಟಿಯೇ ಗಟ್ಟಿಯಾಗಿ ಮುಳ್ಳುಕಾಯಿ ಆಗುತ್ತದೆ. ಆದ್ದರಿಂದ ಒಂದು ಕಾಯಿಯನ್ನು ಸೀಳಿದರೆ ಒಳಗೆ ಎರಡು ಕೋಣೆ, ಎರಡು ಬೀಜ. ತುದಿಯಲ್ಲಿ ಎರಡು ಕೊಂಬು. ಹೀಗಿದ್ದರೆ ಅದು ಇದೇ, ಬೇರೆ ಯಾವುದೂ ಅಲ್ಲ.

ಆ ಎರಡು ಬೀಜದ ಹಿಕಮತ್ತು ಕೇಳಿ. ಎರಡೂ ಒಟ್ಟಿಗೆ ಹುಟ್ಟುವುದಿಲ್ಲ. ಒಂದು ಬೀಜ ಮೊದಲ ಹಸಿ ಸಿಕ್ಕ ಕೂಡಲೇ ಹುಟ್ಟುತ್ತದೆ. ಇನ್ನೊಂದು ಮಲಗಿಕೊಂಡು ಮುಂದಿನ ವರ್ಷವೋ ಅದರ ಆಚೆಯ ವರ್ಷವೋ ಏಳುತ್ತದೆ. ಅಣ್ಣ ಹೊಲಕ್ಕೆ ಹೋದರೆ ತಮ್ಮ ಮನೆಯಲ್ಲಿ ಉಳಿದ ಹಾಗೆ. ಈ ವರ್ಷ ಬರ ಬಿದ್ದು ಅಣ್ಣ ಸತ್ತರೂ ವಂಶ ಹೋಗುವುದಿಲ್ಲ. 'ಹೋದ ವರ್ಷ ಎಲ್ಲಾ ಕಿತ್ತಿದ್ವಿ, ಮತ್ತ ಹ್ಯಾಂಗ ಬಂತು?' ಎಂದು ಕೇಳುವವರಿಗೆ ಉತ್ತರ ಇದೇ.

ಇದು ನಮ್ಮ ನೆಲದ ಗಿಡವಲ್ಲ ಎಂದು ಸಸ್ಯಶಾಸ್ತ್ರದವರು ಹೇಳುತ್ತಾರೆ. ಇದರ ತವರು ಅಮೆರಿಕ ಖಂಡ ಎಂಬುದು ಈಗ ಹೆಚ್ಚಿನವರ ಎಣಿಕೆ. ಕಾಂಗ್ರೆಸ್ ಕಸವೂ ಆ ಕಡೆಯದೇ. ಆದರೆ ಅದು ನಮ್ಮ ಹಿರಿಯರ ಕಣ್ಣೆದುರೇ ಬಂದದ್ದು, 1955ರಲ್ಲಿ ಪುಣೆಯಲ್ಲಿ ಕಂಡುಬಂತು, ಆಮೇಲೆ ದೇಶವೆಲ್ಲಾ ಹಬ್ಬಿತು. ಆದ್ದರಿಂದ ಅದರ ಮೇಲೆ ಎಲ್ಲರಿಗೂ ಸಿಟ್ಟು. ಮುಳ್ಳುಕಾಯಿ ಗಿಡ ಬಹಳ ಹಿಂದೆಯೇ ಬಂದು ನಮ್ಮವರ ಹಾಗೆ ಕೂತುಬಿಟ್ಟಿದೆ. ಆಸ್ಟ್ರೇಲಿಯಾಕ್ಕೆ ಇದರದೇ ಕುಲದ ಗಿಡ ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿ ಬೀಜದ ಜೊತೆ ಹೋಯಿತು, ಅಲ್ಲಿಯ ಕುರಿ ಸಾಕುವವರ ಕಣ್ಣಲ್ಲಿ ನೀರು ತರಿಸಿತು. ಬೀಜದ ಚೀಲ, ಕುರಿಯ ತುಪ್ಪಳ, ಹರಿಯುವ ನೀರು, ಈ ಮೂರೇ ಅದಕ್ಕೆ ಗಾಡಿ. ಕಾಯಿಯೊಳಗೆ ಗಾಳಿ ಇರುವುದರಿಂದ ನೀರಿನ ಮೇಲೆ ತೇಲುತ್ತದೆ. ಹಳ್ಳ ತುಂಬಿ ಹರಿದಾಗ ದಂಡೆಗುಂಟ ಗೆರೆ ಎಳೆದ ಹಾಗೆ ಬಂದು ಕೂಡುತ್ತದೆ. ಮುಂದಿನ ಮಳೆಗೆ ಆ ಗೆರೆಯುದ್ದಕ್ಕೂ ಬಿತ್ತಿದಂತೆ ಸಾಲಾಗಿ ಹುಟ್ಟಿರುವುದನ್ನು ನೀವು ನೋಡಿರಬೇಕು.

ಕುರುಬ ಬಂಧುಗಳು ಇಲ್ಲಿದ್ದಾರೆ. ಅವರಿಗೆ ಈ ಕಾಯಿಯ ಪರಿಚಯ ನಾವು ಮಾಡಿಕೊಡಬೇಕಾಗಿಲ್ಲ. ಉಣ್ಣೆ ಕತ್ತರಿಸುವಾಗ ಕತ್ತರಿಗೆ ಅಡ್ಡ, ಕಂಬಳಿಯ ನೂಲು ತೆಗೆಯುವಾಗ ಕೈಗೆ ಅಡ್ಡ, ಮಾರುವಾಗ ದರಕ್ಕೆ ಅಡ್ಡ. ಇದೇ ಕುಲದ ಇನ್ನೊಂದು ಗಿಡದ ಕಾಯಿ 1941ರಲ್ಲಿ ಸ್ವಿಟ್ಜರ್ಲೆಂಡಿನ ಒಬ್ಬ ಇಂಜಿನಿಯರರ ನಾಯಿಗೆ ಅಂಟಿತ್ತಂತೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅವರು ಚರ್ ಎಂದು ಬಿಚ್ಚುವ ಅಂಟುಪಟ್ಟಿ ಮಾಡಿದರು. ಮಕ್ಕಳ ಚಪ್ಪಲಿಯಲ್ಲಿ, ಶಾಲೆಯ ಚೀಲದಲ್ಲಿ ಇರುತ್ತದಲ್ಲ, ಅದೇ. ಅವರು ಶ್ರೀಮಂತರಾದರು, ನಮ್ಮ ಕುರಿಗೆ ಮಾತ್ರ ಕೆರೆತ ಉಳಿಯಿತು!

ಇರಲಿ. ಇಷ್ಟೇ ಆಗಿದ್ದರೆ ನಾವು ಈ ವೇದಿಕೆ ಹತ್ತುತ್ತಿರಲಿಲ್ಲ. ಉಣ್ಣೆ ಕೆಟ್ಟರೆ ದುಡ್ಡು ಹೋಗುತ್ತದೆ. ಈ ಗಿಡ ಜೀವ ತೆಗೆಯುತ್ತದೆ. ಅದೂ ದೊಡ್ಡದಾದಾಗ ಅಲ್ಲ, ಮುಳ್ಳು ಬಂದಾಗ ಅಲ್ಲ. ಆಗ ತಾನೇ ಹುಟ್ಟಿ ಎರಡೆಲೆ ಬಿಟ್ಟು, ನೋಡಲು ಎಳೆಯ ಪಲ್ಯದ ಹಾಗೆ ನಳನಳಿಸುವಾಗ.

ಬಾಂಗ್ಲಾದೇಶದ ಸಿಲ್ಹೆಟ್ ಜಿಲ್ಲೆಯಲ್ಲಿ 2007ರ ಮಳೆಗಾಲದಲ್ಲಿ ಮೇಲಿಂದ ಮೇಲೆ ನೆರೆ ಬಂತು. ಬೆಳೆ ಹೋಯಿತು, ಕಾಳುಕಡಿ ತುಟ್ಟಿಯಾಯಿತು. ನೀರು ಇಳಿದ ಹಸಿ ನೆಲದ ಮೇಲೆ ಒಂದು ಸೊಪ್ಪು ಒತ್ತಾಗಿ ಹುಟ್ಟಿತು. ಅಲ್ಲಿಯವರು ಅದನ್ನು ಘಾಗ್ರಾ ಶಾಕ್ ಎನ್ನುತ್ತಾರೆ. ಬಡವರು ಕಿತ್ತು ತಂದು ಬೇಯಿಸಿ ತಿಂದರು. ವಾಂತಿ ಶುರುವಾಯಿತು, ಎಚ್ಚರ ತಪ್ಪಿತು, ಲಿವರ್ ಕೆಟ್ಟಿತು. ಆ ವರ್ಷ ನವೆಂಬರ್ ತಿಂಗಳಲ್ಲಿ 76 ಮಂದಿ ಹೀಗೆ ಬಿದ್ದರು. ಅವರಲ್ಲಿ 19 ಮಂದಿ ತೀರಿಕೊಂಡರು.  ಮನೆಮನೆಗೆ ಹೋಗಿ ಏನು ತಿಂದಿರಿ ಎಂದು ಕೇಳಿದ ಮೇಲೆ ಸೊಪ್ಪಿನ ಸಂಗತಿ ಹೊರಗೆ ಬಂತು. ಅದು ಇದೇ ಮುಳ್ಳುಕಾಯಿ ಗಿಡದ ಎಳೆ ಸಸಿ.

ಆ ಜನ ಹುಚ್ಚರಲ್ಲ. ಹಸಿವೆ ಒಂದು ಕಾರಣ, ಗುರುತು ತಿಳಿಯದ್ದು ಇನ್ನೊಂದು. ನಮ್ಮ ತಾಯಂದಿರೂ ಹೊಲಕ್ಕೆ ಹೋದರೆ ಬರಿಗೈಯಲ್ಲಿ ಬರುವವರಲ್ಲ. ಉಡಿಯಲ್ಲಿ ಹಕ್ಕರಕಿ, ಗೋಳಿ, ರಾಜಗಿರಿ, ಎಳೆಯ ಕುಸುಬಿ ತುಂಬಿಕೊಂಡೇ ಬರುತ್ತಾರೆ. ಎಳ್ಳಮಾವಾಸ್ಯೆಯ ಭಜ್ಜಿಗೆ ಎಷ್ಟು ಬಗೆಯ ಸೊಪ್ಪು, ಎಷ್ಟು ಬಗೆಯ ಹಸಿಕಾಳು ಬೀಳುತ್ತವೆ ಎಂದು ನಿಮಗೇ ಗೊತ್ತು. ಅದು ಬಹಳ ಒಳ್ಳೆಯ ಪದ್ಧತಿ. ಅದನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಗುರುತು ಬಲ್ಲ ಹಿರಿಯ ಹೆಣ್ಣುಮಕ್ಕಳು ಕೀಳುವವರೆಗೆ ಚಿಂತೆಯಿಲ್ಲ. ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ಅಜ್ಜಿಯ ಜೊತೆ ಹೊಲಕ್ಕೆ ಹೋಗುವುದಿಲ್ಲ. ನಾಳೆ ಆಕೆಯೇ ಸೊಪ್ಪು ಕೀಳಲು ಹೋದರೆ ಯಾರು ತೋರಿಸಿಕೊಡಬೇಕು?

ಇನ್ನು ದನಕರು. ಕೆರೆಯ ನೀರು ಇಳಿದಂತೆ ಅಂಗಳದಲ್ಲಿ ಮೊದಲು ಹಸಿರಾಗುವುದು ಇದೇ. ಹುಲ್ಲು ಇನ್ನೂ ಬಂದಿರುವುದಿಲ್ಲ. ಹಸಿದ ಕರು, ಹಂದಿ, ಕುರಿ ಅದಕ್ಕೇ ಬಾಯಿ ಹಾಕುತ್ತವೆ. ಬಲಿತ ಗಿಡ ಕಹಿ, ಒರಟು. ಅದನ್ನು ದನ ಮೂಸಿ ಬಿಡುತ್ತದೆ. ಎರಡೆಲೆಯ ಸಸಿ ಮೆತ್ತಗೆ ಇರುತ್ತದೆ, ಬಿಡುವುದಿಲ್ಲ. ಮೈತೂಕದ ನೂರರಲ್ಲಿ ಒಂದು ಪಾಲಿನ ಆಸುಪಾಸು ತಿಂದರೂ ಸಾಕು, ಪ್ರಾಣಿ ಸಾಯಬಹುದು. ಐವತ್ತು ಕಿಲೋ ತೂಕದ ಕರುವಿಗೆ ಅರ್ಧ ಕಿಲೋ ಸೊಪ್ಪು. ಮೊದಲು ಮಂಕಾಗುತ್ತದೆ, ಮೇವು ಬಿಡುತ್ತದೆ, ನಡೆಯುವಾಗ ತೂರಾಡುತ್ತದೆ, ಆಮೇಲೆ ಬಿದ್ದು ಕಾಲು ಬಡಿಯುತ್ತದೆ, ಕುತ್ತಿಗೆ ಹಿಂದಕ್ಕೆ ಸೆಟೆಯುತ್ತದೆ. ಕೆಲವು ತಾಸಿನಿಂದ ಎರಡು ಮೂರು ದಿನದೊಳಗೆ ಮುಗಿಯುತ್ತದೆ. ನಾವು ಇದನ್ನು ಹಾವು ಮುಟ್ಟಿತು ಎನ್ನುತ್ತೇವೆ, ಇಲ್ಲವೆ ಯಾರದೋ ಕಣ್ಣು ಬಿತ್ತು ಎನ್ನುತ್ತೇವೆ. ಪಕ್ಕದ ಮನೆಯವರ ಮೇಲೆ ಸಂಶಯ ಪಡುವವರೂ ಉಂಟು. ಯಾರೂ ಕೆರೆ ಅಂಗಳಕ್ಕೆ ಹೋಗಿ ಬಗ್ಗಿ ನೋಡುವುದಿಲ್ಲ.

ಇದರ ವಿಷಕ್ಕೆ ಕಾರ್ಬಾಕ್ಸಿಅಟ್ರಾಕ್ಟಿಲೋಸೈಡ್ ಎಂದು ಉದ್ದನೆಯ ಹೆಸರಿದೆ. ಮೈಯ ಪ್ರತಿ ಜೀವಕೋಶದಲ್ಲಿ ಶಕ್ತಿ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಈ ವಿಷ ಆ ಕಾರ್ಖಾನೆಯ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಒಳಗಿನ ಮಾಲು ಹೊರಗೆ ಬರುವುದಿಲ್ಲ. ರಕ್ತದ ಸಕ್ಕರೆ ಕುಸಿಯುತ್ತದೆ, ಲಿವರ್ ಕೆಡುತ್ತದೆ. ಬೀಜದಲ್ಲಿ ಈ ವಿಷ ತುಂಬಿರುತ್ತದೆ. ಬೀಜದಿಂದ ಮೊದಲ ಎರಡೆಲೆಗೆ ಇಳಿಯುತ್ತದೆ. ಆಮೇಲೆ ಬರುವ ಹಲ್ಲುಹಲ್ಲಿನ ಎಲೆಗಳು ದೊಡ್ಡದಾದಂತೆ ವಿಷ ಬೇಗ ಕಡಿಮೆಯಾಗುತ್ತದೆ. ಒಣಗಿಸಿದರೆ ವಿಷ ಹೋಗುವುದಿಲ್ಲ. ಆದ್ದರಿಂದ ಹೊಟ್ಟಿನಲ್ಲಿ, ನುಚ್ಚಿನಲ್ಲಿ ಈ ಕಾಯಿ ಬೆರೆತರೂ ಅಪಾಯವೇ. ಸೋಯಾ ರಾಶಿ ಮಾಡುವಾಗ ಮುಳ್ಳುಕಾಯಿ ಜೊತೆಗೆ ಬಂದರೆ ಹೊಟ್ಟನ್ನು ಹಾಗೆಯೇ ದನಕ್ಕೆ ಹಾಕಬೇಡಿ. ಸಂಘಕ್ಕೆ ಬೀಜದ ಸೋಯಾ ತರುವ ಸದಸ್ಯರು ಸಾಣಿಗೆ ಹಿಡಿದು ತನ್ನಿ. ಒಂದು ಕಾಯಿ ಒಬ್ಬರ ಚೀಲದಲ್ಲಿ ಬಂದರೆ ಹತ್ತು ಜನರ ಹೊಲಕ್ಕೆ ಹೋಗುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಎರಡೆಲೆಯ ಸಸಿಯನ್ನು ಗುರುತಿಸುವುದು ಹೇಗೆ?

ಮೊದಲ ಎರಡು ಎಲೆ ಎದುರುಬದುರು ಇರುತ್ತವೆ. ಉದ್ದ, ಕಿರಿದು, ಚೂಪು. ಒಂದರಿಂದ ಎರಡು ಅಂಗುಲ ಉದ್ದ, ಅಗಲ ಅರ್ಧ ಅಂಗುಲಕ್ಕಿಂತ ಕಡಿಮೆ. ದಪ್ಪಗೆ, ಮೆತ್ತಗೆ, ಮೇಲೆ ಹೊಳಪು, ಅಂಚಿನಲ್ಲಿ ಹಲ್ಲಿಲ್ಲ. ಕೆಳಗಿನ ದಂಟು ಕೆಂಪು ನೇರಳೆ. ಸೌತೆ, ಹೀರೆ, ಕುಂಬಳದ ಮೊದಲ ಎಲೆ ಅಗಲವಾಗಿ ಗುಂಡಗಿರುತ್ತದೆ. ಹತ್ತಿಯದು ಇನ್ನೂ ಅಗಲ. ಸೂರ್ಯಕಾಂತಿಯದು ದಪ್ಪವೇ, ಆದರೆ ಗಿಡ್ಡ, ತುದಿ ಗುಂಡು. ರಾಜಗಿರಿಯದು ತೀರ ಸಣ್ಣದು, ತೆಳುವು. ಇವೆಲ್ಲ ಕೃಷಿಕರ ಕಣ್ಣಿಗೆ ಗೊತ್ತು. ಸಂಶಯ ಬರುವುದು ಗೋಳಿಯ ಜೊತೆ, ಯಾಕಂದರೆ ಅದರ ಎಲೆಯೂ ದಪ್ಪ, ದಂಟೂ ಕೆಂಪು. ಗೋಳಿ ನೆಲಕ್ಕೆ ಹತ್ತಿ ಹರಡುತ್ತದೆ, ಎಲೆ ಉಗುರಿನಷ್ಟೇ ಇರುತ್ತದೆ, ತುದಿ ಗುಂಡು. ಇನ್ನು ಹಕ್ಕರಕಿ. ಅದು ನೆಲಕ್ಕೆ ಚಕ್ರದ ಹಾಗೆ ಹಾಸಿರುತ್ತದೆ. ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಮುಳ್ಳುಕಾಯಿ ಗಿಡದಲ್ಲಿ ಹಾಲು ಬರುವುದಿಲ್ಲ.

ಇಷ್ಟು ಹೇಳಿದರೂ ಸಂಶಯ ಉಳಿಯುತ್ತದೆ. ಎಲೆಯ ಆಕಾರ ನೆಲದ ಹಸಿ, ಬಿಸಿಲು, ನೆರಳು ನೋಡಿ ಬದಲಾಗುತ್ತದೆ. ಆದ್ದರಿಂದ ಕಣ್ಣನ್ನು ಪೂರಾ ನಂಬಬೇಡಿ, ಬೇರನ್ನು ಕೇಳಿ. ಸಸಿಯನ್ನು ಎಳೆಯಬಾರದು, ಕುರ್ಪಿಯಿಂದ ಮಣ್ಣು ಸಮೇತ ಎತ್ತಬೇಕು. ಮಣ್ಣು ಮೆಲ್ಲಗೆ ಉದುರಿಸಿ. ಬೇರಿನ ಬುಡದಲ್ಲಿ ಹಳೆಯ ಮುಳ್ಳುಕಾಯಿ ಚಿಪ್ಪು ಕಚ್ಚಿಕೊಂಡಿರುತ್ತದೆ. ಸಸಿ ಆ ಚಿಪ್ಪನ್ನು ಸೀಳಿಕೊಂಡೇ ಹೊರಗೆ ಬಂದಿರುತ್ತದೆ. ಚಿಪ್ಪು ಸಿಕ್ಕಿತೋ, ಮಾತು ಮುಗಿಯಿತು. ನಾವು ಶಾಲೆಯ ಮಕ್ಕಳನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ ಇದನ್ನು ಮಾಡಿಸಿದೆವು. ಎಲೆ ನೋಡಿ ಹೇಳುವಾಗ ತಪ್ಪಿದ ಮಕ್ಕಳು ಚಿಪ್ಪು ಹುಡುಕುವಾಗ ತಪ್ಪಲಿಲ್ಲ. ಒಬ್ಬ ಹುಡುಗನಂತೂ "ಸರ, ಇದಕ್ಕ ಇನ್ನೂ ತಮ್ಮ ಒಳಗ ಮಲ್ಕೊಂಡಾನ್ರಿ" ಎಂದು ಎರಡನೆಯ ಬೀಜ ತೋರಿಸಿದ. ಚಿಪ್ಪು ಸಿಗಲಿಲ್ಲ ಎಂದಾಕ್ಷಣ ಅದು ತಿನ್ನುವ ಸೊಪ್ಪು ಎಂದು ತಿಳಿಯಬಾರದು ಮತ್ತೆ. ಒಂದೊಂದು ಸಲ ಚಿಪ್ಪು ಮಣ್ಣಲ್ಲೇ ಉಳಿಯುತ್ತದೆ. ಗುರುತು ಸಿಗದ ಸೊಪ್ಪು ಉಡಿಗೆ ಬೇಡ.

ಸಸಿ ದೊಡ್ಡದಾದ ಮೇಲೆ ಗುರುತು ಸುಲಭ. ಎಲೆ ಅಂಗೈ ಅಗಲ, ಮುಮ್ಮೂಲೆ, ಅಂಚಿಗೆ ಒಡ್ಡೊಡ್ಡಾದ ಹಲ್ಲು, ಉದ್ದ ತೊಟ್ಟು. ಬುಡದಿಂದಲೇ ಮೂರು ದಪ್ಪ ನರ ಹೊರಡುತ್ತವೆ. ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟು. ದಂಟಿನ ಮೇಲೆ ನೇರಳೆ ಕಂದು ಚುಕ್ಕೆ, ಗೆರೆ. ಈ ಒರಟು ರೋಮದಿಂದ ಕೆಲವರ ಚರ್ಮಕ್ಕೆ ಕೆರೆತ ಬರುತ್ತದೆ, ಪರಾಗದಿಂದ ಕೆಲವರಿಗೆ ನೆಗಡಿ, ಸೀನು. ಕೀಳುವಾಗ ಕೈಗೆ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಿ. ಎರಡೆಲೆಯ ಸಸಿ ಮುಟ್ಟಿದ ಕೈಯನ್ನು ತೊಳೆಯದೆ ಬುತ್ತಿ ಬಿಚ್ಚಬೇಡಿ.

ಯಾವಾಗ ಕೀಳಬೇಕು? 'ಇನ್ನೂ ಸಣ್ಣದದ, ಇರ್ಲಿ ಬಿಡು' ಎನ್ನುವ ಮಾತು ಈ ಗಿಡದ ವಿಷಯದಲ್ಲಿ ನಡೆಯುವುದಿಲ್ಲ. ಅದಕ್ಕೆ ಒಂದು ಸ್ವಾರಸ್ಯದ ಕಾರಣ ಇದೆ. ಅಮೆರಿಕದ ಚಿಕಾಗೋದಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬಿಬ್ಬರು 1938ರಲ್ಲಿ ಇದೇ ಗಿಡದ ಮೇಲೆ ಪ್ರಯೋಗ ಮಾಡಿದರು. ಗಿಡ ಹೂ ಬಿಡಲು ಹಗಲು ಎಷ್ಟು ಉದ್ದ ಎಂದು ಎಣಿಸುವುದಿಲ್ಲ, ರಾತ್ರಿ ಎಷ್ಟು ಉದ್ದ ಎಂದು ಎಣಿಸುತ್ತದೆ ಎಂಬುದು ಗೊತ್ತಾಯಿತು. ಉದ್ದನೆಯ ಒಂದೇ ಒಂದು ರಾತ್ರಿ ಸಿಕ್ಕರೂ ಸಾಕು, ಹೂವಿಗೆ ಶುರುವಾಗುತ್ತದೆ. ಆ ಕತ್ತಲೆಯ ನಡುವೆ ಸ್ವಲ್ಪ ಹೊತ್ತು ದೀಪ ಹಚ್ಚಿದರೆ ಹೂವಿಲ್ಲ! ಗಿಡಗಳಿಗೂ ಗಡಿಯಾರ ಇದೆ ಎಂದು ಲೋಕಕ್ಕೆ ತೋರಿಸಿಕೊಟ್ಟ ಗಿಡಗಳಲ್ಲಿ ನಮ್ಮ ಹಳ್ಳದ ದಂಡೆಯ ಈ ಕಸವೂ ಒಂದು. ಸೀಮೆಯಿಂದ ಸೀಮೆಗೆ ಅದರ ಲೆಕ್ಕ ಸ್ವಲ್ಪ ಬೇರೆ ಇರಬಹುದು. ನಮಗೆ ಬೇಕಾದ ಮಾತು ಇಷ್ಟು: ದಸರಾ ಆದಮೇಲೆ ರಾತ್ರಿ ಉದ್ದವಾಗುವ ದಿನಗಳಲ್ಲಿ ಹುಟ್ಟಿದ ಸಸಿ ಎತ್ತರ ಬೆಳೆಯಲು ಕಾಯುವುದಿಲ್ಲ. ಗೇಣುದ್ದ ಇರುವಾಗಲೇ ಕಾಯಿ ಹಿಡಿಯುತ್ತದೆ. ಕೆರೆ ಅಂಗಳದಲ್ಲಿ ನೀರು ಇಳಿದ ಮೇಲೆ ಹುಟ್ಟುವುದು ಇಂಥವೇ.

ಆದ್ದರಿಂದ ಎರಡು ಸಲ ಕೈ ಹಾಕಬೇಕು. ಹೊಲದಲ್ಲಿ ಮತ್ತು ಹಳ್ಳದ ದಂಡೆಯಲ್ಲಿ ಮೃಗಶಿರಾ ಮಳೆ ಬಿದ್ದು ಸಸಿ ಎದ್ದ ಮೇಲೆ, ಆರಿದ್ರಾ ಮುಗಿಯುವುದರೊಳಗೆ ಮೊದಲ ಸಲ. ಆಗ ನೆಲ ಹಸಿಯಾಗಿರುತ್ತದೆ, ಬೇರು ಸಮೇತ ಬರುತ್ತದೆ. ತಪ್ಪಿಸಿಕೊಂಡದ್ದನ್ನು ಮಘಾ ಮಳೆಯ ಹೊತ್ತಿಗೆ, ಕಾಯಿ ಕಟ್ಟುವ ಮೊದಲು ಕೀಳಬೇಕು. ಕೆರೆ ಅಂಗಳದಲ್ಲಿ ಮಾತ್ರ ನೀರು ಇಳಿದಂತೆ, ದೀಪಾವಳಿಯಿಂದ ಮುಂದೆ ಮತ್ತೊಂದು ಸಲ. ಕುಡಗೋಲಿನಿಂದ ಮೇಲೆ ಮೇಲೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ, ನೆಲಕ್ಕೆ ಹತ್ತಿದ ಆ ಚಿಗುರಿನಲ್ಲೇ ಕಾಯಿ ಬಿಡುತ್ತದೆ. ಕಾಯಿ ಬರುವ ಮೊದಲು ಕಿತ್ತ ಗಿಡ ತಿಪ್ಪೆಗೆ ಹೋದರೆ ಅಡ್ಡಿಯಿಲ್ಲ. ದನದ ಬಾಯಿಗೆ ಸಿಗದಂತೆ ಮಣ್ಣು ಮುಚ್ಚಿ. ಕಾಯಿ ಬಂದ ಗಿಡವನ್ನು ತಿಪ್ಪೆಗೂ ಹಾಕಬಾರದು, ಹಳ್ಳಕ್ಕೂ ಎಸೆಯಬಾರದು. ಒಣಗಿಸಿ ಒಂದೇ ಕಡೆ ಸುಡಬೇಕು.

ಔಷಧಿ ಹೊಡೆಯಬಹುದಲ್ಲ ಎಂದು ಯುವಕರು ಕೇಳುತ್ತಾರೆ. 2,4-ಡಿ ಇದನ್ನು ಒಣಗಿಸುತ್ತದೆ, ನಿಜ. ಆದರೆ ಅಗಲ ಎಲೆಯ ಯಾವುದನ್ನೂ ಅದು ಬಿಡುವುದಿಲ್ಲ. ನಮ್ಮ ಸೀಮೆಯಲ್ಲಿ ಪಕ್ಕದಲ್ಲೇ ತೊಗರಿ, ಉದ್ದು, ಹೆಸರು, ಸೋಯಾ ಇರುತ್ತವೆ. ಗಾಳಿಗೆ ಹಾರಿದ ಔಷಧಿಯಿಂದ ಅಣ್ಣತಮ್ಮಂದಿರ ನಡುವೆ ಪಂಚಾಯ್ತಿ ಆಗುವುದು ಬೇಡ. ಅದಲ್ಲದೆ ಇದು ಹುಟ್ಟುವುದು ನೀರಿನ ಅಂಚಿನಲ್ಲಿ, ಅದೇ ನೀರನ್ನು ದನ ಕುಡಿಯುತ್ತವೆ. ನಮ್ಮ ಅಭಿಪ್ರಾಯದಲ್ಲಿ ಕೆರೆ, ಹಳ್ಳದ ದಂಡೆಗೆ ಕೈಯೇ ಸರಿ. ಹೊಲಕ್ಕೆ ಬೇಕೇ ಬೇಕೆಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಬೆಳೆಯ ಹೆಸರು ಹೇಳಿ, ಕೇಳಿ ತನ್ನಿ.

ಕೀಳುವ ಕೆಲಸ ಒಬ್ಬರಿಂದ ಆಗುವುದಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾಯಿ ನೀರಿನ ಮೇಲೆ ತೇಲಿ ಬರುತ್ತದೆ. ಕೆಳಗಿನವರು ಎಷ್ಟು ಕಿತ್ತರೂ ಮೇಲಿನವರು ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಬಂತು. ಹಳ್ಳದ ಮೇಲ್ಭಾಗದಿಂ‌ದ ಶುರು ಮಾಡಿ ಕೆಳಕ್ಕೆ ಬರಬೇಕು, ಮೂರು ವರ್ಷ ಬಿಡದೆ ಮಾಡಬೇಕು, ಯಾಕಂದರೆ ಮಲಗಿದ ತಮ್ಮ ಏಳಬೇಕಲ್ಲ. ಕೂಲಿ ಲೆಕ್ಕ ಹಾಕಿದರೆ ಯಾರೂ ಮುಂದೆ ಬರುವುದಿಲ್ಲ. ಹಳ್ಳದ ದಂಡೆಗೆ ಹೊಲ ಇರುವ ಸದಸ್ಯರು ತಮ್ಮ ತಮ್ಮ ಪಾಲಿನ ದಂಡೆಯನ್ನು ಒಪ್ಪಿಕೊಂಡರೆ, ಯಾರ ಪಾಲಿಗೂ ಇಲ್ಲದ ಕೆರೆ ಅಂಗಳವನ್ನು ಸಂಘ ವರ್ಷಕ್ಕೊಂದು ದಿನ ಶ್ರಮದಾನದಿಂದ ನೋಡಿಕೊಂಡರೆ ಸಾಕು. ಇದನ್ನು ಠರಾವು ಮಾಡಿರೆಂದು ಆಡಳಿತ ಮಂಡಳಿಗೆ ನಾವು ಈಗಾಗಲೇ ಬರೆದುಕೊಟ್ಟಿದ್ದೇವೆ. ಅಧ್ಯಕ್ಷರು ತಲೆ ಅಲ್ಲಾಡಿಸುತ್ತಿದ್ದಾರೆ. ಹೌದು ಎಂದೇ ತಿಳಿದುಕೊಳ್ಳುತ್ತೇವೆ.

ಅಕಸ್ಮಾತ್ ಕರು ತಿಂದಿತು ಎನ್ನಿ. ಇದಕ್ಕೆ ಮದ್ದು ಎಂದು ಒಂದು ಸೂಜಿ ಇಲ್ಲ. ಮಂತ್ರ ಹಾಕಿಸುತ್ತಾ, ಗೊಟ್ಟದಲ್ಲಿ ಕಂಡದ್ದೆಲ್ಲ ಕುಡಿಸುತ್ತಾ ಹೊತ್ತು ಕಳೆಯಬೇಡಿ. ಓಡಿಸಬೇಡಿ, ಬಡಿಯಬೇಡಿ. ನೆರಳಿನಲ್ಲಿ ಕಟ್ಟಿ, ಪಶುವೈದ್ಯರನ್ನು ಕರೆಯಿರಿ. ಮೇಯ್ದ ಜಾಗದಿಂದ ಎರಡು ಸಸಿ ಬೇರು ಸಮೇತ ಕಿತ್ತು ತಂದು ಅವರಿಗೆ ತೋರಿಸಿ. ಎಷ್ಟು ಹೊತ್ತಿನ ಹಿಂದೆ ಮೇಯ್ದಿತ್ತು ಎಂದು ಹೇಳಿ. ರಕ್ತದ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುವುದು, ಲಿವರಿಗೆ ಆಸರೆ ಕೊಡುವುದು ಅವರ ಕೆಲಸ. ಬೇಗ ಬಂದರೆ ಕೆಲವು ಉಳಿಯುತ್ತವೆ. ಮನುಷ್ಯರಿಗೆ ಆದರೂ ಇದೇ ಮಾತು. ಸೊಪ್ಪು ಉಂಡ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ವಾಂತಿ, ಮಂಪರು ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಹೋಗುವಾಗ ಉಳಿದ ಸೊಪ್ಪನ್ನೂ ಕಟ್ಟಿಕೊಂಡು ಹೋಗಿ.

ಆ ತಾಯಿಯ ಸುದ್ದಿ ಹೇಳುವುದು ಉಳಿಯಿತು. ಆಕೆಯ ಸೆರಗಿನ ಗಂಟಿನ ಕಾಯಿಗಳನ್ನು ನಾವು ಇಟ್ಟುಕೊಂಡೆವು. ಯಜಮಾನರನ್ನು ಆಸ್ಪತ್ರೆಗೆ ಕಳಿಸಿದೆವು, ಹಳ್ಳು ಸಣ್ಣದಿತ್ತು, ಗುಣವಾಗಿದೆ. ಅವರೂ ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳಬೇಡಿ ಎಂದಿದ್ದಾರೆ.

ವೇದಿಕೆಯ ಬಲಗಡೆ ಮೇಜಿನ ಮೇಲೆ ಮೂರು ಗಾಜಿನ ಬಾಟಲಿ ಇವೆ. ಒಂದರಲ್ಲಿ ನೆಗ್ಗಿನಮುಳ್ಳು, ಒಂದರಲ್ಲಿ ಉಮ್ಮತ್ತಿ ಕಾಯಿ, ಒಂದರಲ್ಲಿ ಆ ಮುಳ್ಳುಕಾಯಿ. ಪಕ್ಕದಲ್ಲಿ ಒಂದು ತಾಟಿನಲ್ಲಿ ಹಸಿ ಮಣ್ಣಿನ ಸಮೇತ ಎರಡೆಲೆಯ ಸಸಿ, ಗೋಳಿ, ಹಕ್ಕರಕಿ ಇಟ್ಟಿದ್ದೇವೆ. ಚೀಟಿ ಅಂಟಿಸಿಲ್ಲ, ಬೇಕೆಂದೇ ಅಂಟಿಸಿಲ್ಲ. ಊಟಕ್ಕೆ ಹೋಗುವ ಮೊದಲು ಸಾಲಾಗಿ ಬಂದು ನೋಡಿ, ಯಾವುದು ಯಾವುದೆಂದು ನೀವೇ ಹೇಳಿ. ಆಮೇಲೆ ಕೈ ತೊಳೆದುಕೊಂಡೇ ಪಂಕ್ತಿಗೆ ಕುಳಿತುಕೊಳ್ಳಿ. ಮುಳ್ಳುಕಾಯಿಯ ಬಾಟಲಿಯಲ್ಲಿ ಹನ್ನೊಂದು ಕಾಯಿ ಎಣಿಸಿ ಇಟ್ಟಿದ್ದೇವೆ. ನೋಡುವಾಗ ಯಾರ ಶಾಲಿಗೆ, ಯಾರ ಸೀರೆಯ ಅಂಚಿಗೆ ಹತ್ತಿಕೊಂಡು ಹೋದರೂ ದಯವಿಟ್ಟು ತಿರುಗಿ ತಂದು ಹಾಕಿ. ಹನ್ನೊಂದೂ ನಮಗೆ ವಾಪಸು ಬೇಕು.